ನೆಟ್ಟಣ್ಣನ ದಫ್ತರ

ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಅಂದಮೇಲೆ ಅಲ್ಲೊಬ್ಬ ನೆಟ್ಟಣ್ಣ ಇದ್ದೇ ಇರುತ್ತಾನೆ. ಅವನನ್ನು ಯಾರೂ ನೇಮಿಸಿರುವುದಿಲ್ಲ. ಹೆಗಲ ಮೇಲೆ ಕೇಬಲ್ ಸುರುಳಿ, ಜೇಬಿನಲ್ಲಿ ಕ್ರಿಂಪಿಂಗ್ ಟೂಲ್, ತುಟಿಗಂಟಿದ ವಯರಿನ ಸಿಪ್ಪೆ. ಇಷ್ಟಿದ್ದರೆ ಸಾಕು, ಸ್ವಿಚ್ ಇಟ್ಟ ಕಪಾಟಿನ ಕೀಲಿ ತಾನಾಗಿ ಅವನ ಕೈಗೆ ಬರುತ್ತದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ ಎಂದು ಎಂಟೂ ಎಳೆಗಳ ಕ್ರಮವನ್ನು ನಿದ್ದೆಗಣ್ಣಲ್ಲಿ ಒಪ್ಪಿಸುತ್ತಾನೆ. ಅದೇ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ಪೆನ್ನು ಕಚ್ಚುತ್ತ ಕೂರುತ್ತಾನೆ. ಮೂಲೆಯ ರೂಮಿನವರು ಕನೆಕ್ಷನ್ ಕೇಳಿದರೆ, "ನೂರು ಮೀಟರ್ ದಾಟಿದ್ರ ಕೇಬಲ್ ಕೆಲಸ ಮಾಡಂಗಿಲ್ಲ, ರೂಮ್ ಬದಲು ಮಾಡ್ರಿ" ಅನ್ನುತ್ತಾನೆ.

ನನ್ನ ಪಾಲಿಗೆ ಬಂದ ನೆಟ್ಟಣ್ಣ ವಿಜಯಪುರದ ಹಾಸ್ಟೆಲಿನವನು. ಊರು ಆಗಿನ್ನೂ ಬಿಜಾಪುರ. ಹೆಸರು ಬದಲಾದದ್ದು 2014ರಲ್ಲಿ. ಬಿಎಸ್ಸೆನ್ನೆಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಶುರುಮಾಡಿತ್ತು. 256 ಕಿಲೋಬಿಟ್ ಅಂದರೆ ಆಗ ದೊಡ್ಡ ಮಾತು. ಅಂಥ ಒಂದು ಸಂಪರ್ಕವನ್ನು ಇಡೀ ಹಾಸ್ಟೆಲು ಹಂಚಿಕೊಳ್ಳಬೇಕಿತ್ತು.

ಕಂಪ್ಯೂಟರಿಗೊಂದು ನಂಬರು ಬೇಕು: 192.168.1 ಆದಮೇಲೆ 1ರಿಂದ 254ರೊಳಗಿನ ಯಾವುದಾದರೊಂದು. ಡಿಎಚ್‌ಸಿಪಿ ಎಂಬ ಏರ್ಪಾಡನ್ನು ಚಾಲೂ ಮಾಡಿಬಿಟ್ಟರೆ ಯಂತ್ರವೇ ನಂಬರು ಹಂಚುತ್ತದೆ. ನಮ್ಮವನು ಮಾಡಲಿಲ್ಲ. "ಮಷೀನಿಗೇನ್ ಗೊತ್ತಲೇ, ಯಾರು ಯಾವ ಊರವರು?" ಎಂದ. ಹಂಚಿಕೆ ತಾಲೂಕುವಾರು ಆಯಿತು. ಇಂಡಿಗೆ 10ರಿಂದ 59, ಸಿಂದಗಿಗೆ 60ರಿಂದ 109, ಮುದ್ದೇಬಿಹಾಳಕ್ಕೆ 159ರವರೆಗೆ, ಬಸವನ ಬಾಗೇವಾಡಿಗೆ 209ರವರೆಗೆ. ಮಿಕ್ಕಿದ್ದು ಪರಸ್ಥಳದವರಿಗೆ. ನಮ್ಮನ್ನೇಕೆ ಕೊನೆಗೆ ಹಾಕಿದೆ ಎಂದು ಬಾಗೇವಾಡಿ ಹುಡುಗರು ಜಗಳಕ್ಕೆ ಬಂದಾಗ, "ಬಸವಣ್ಣನ ಊರವರು ನೀವು. ನಿಮಗ ಮೊದಲು ಕೊನಿ ಅಂತ ಐತೇನು?" ಎಂದು ಬಾಯಿ ಮುಚ್ಚಿಸಿದ. ಪ್ರತಿ ಕಂಪ್ಯೂಟರಿನ ಮ್ಯಾಕ್ ಅಡ್ರೆಸ್ಸಿನ ಹನ್ನೆರಡು ಅಕ್ಷರಗಳನ್ನು ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಟ್ಟು, ಅದಕ್ಕೆ ಉತಾರ ಎಂದು ಹೆಸರಿಟ್ಟ.

ಸೆಮಿಸ್ಟರ್ ಫಲಿತಾಂಶದ ಒಂದು ರಾತ್ರಿ. ನನ್ನ ಪರದೆಯ ಮೂಲೆಯಲ್ಲಿ ಹಳದಿ ಚೀಟಿ ಎದ್ದಿತು: ಇದೇ ನಂಬರಿನ ಇನ್ನೊಂದು ಕಂಪ್ಯೂಟರ್ ಜಾಲದಲ್ಲಿದೆ. ನೆಟ್ಟಣ್ಣ ಬಂದು ನೋಡಿದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಲೇ ಸಿಂದಗಿ, ನಿನ್ನ ಹೊಲದಾಗ ಯಾರೋ ಬಿತ್ಯಾರಲೇ!"

ಆ ಕಂಪ್ಯೂಟರಿನ ಮ್ಯಾಕ್ ಅಡ್ರೆಸ್ ತೆಗೆದು ರಿಜಿಸ್ಟರಿನಲ್ಲಿ ಹುಡುಕಿದ್ದರೆ ಕಳ್ಳ ಕೂಡಲೇ ಸಿಗುತ್ತಿದ್ದ. ಹಾಗೆಂದು ನಾನು ಹೇಳಿಯೂ ಹೇಳಿದೆ. ಆಗಲಿಲ್ಲ, ಸ್ಥಳ ಪರಿಶೀಲನೆ ಆಗಬೇಕಂತೆ. ಸ್ವಿಚ್ಚಿನಿಂದ ಒಂದೊಂದೇ ಕೇಬಲ್ ಕಿತ್ತು, ಹಳದಿ ಚೀಟಿ ಹೋಯಿತೇ ಎಂದು ನನ್ನನ್ನು ಕೂಗಿ ಕೇಳುತ್ತ ಹೊರಟ. ಕೇಬಲ್ ಕಿತ್ತ ರೂಮಿನವರೆಲ್ಲ ಬನಿಯನ್ನಿನಲ್ಲೇ ಎದ್ದು ಬಂದು ನನ್ನ ಬಾಗಿಲ ಮುಂದೆ ನೆರೆದರು, ತಪ್ಪು ನನ್ನದೇ ಎಂಬಂತೆ. ಕೊನೆಗೆ ಸಿಕ್ಕಿಬಿದ್ದವನು ಇಂಡಿಯ ಹುಡುಗ. "ಸಿಂದಗಿ ನಂಬರಿಗೆ ಸ್ಪೀಡ್ ಜಾಸ್ತಿ ಅಂದ್ರಣ್ಣಾ" ಎಂದು ಅಳುಮೋರೆ ಹಾಕಿದ. ಪಂಚಾಯಿತಿ ಕೂತಿತು. ಮನೆಯಿಂದ ತಂದ ನಿಂಬೆಕಾಯಿ ಉಪ್ಪಿನಕಾಯಿಯ ಡಬ್ಬಿ ದಂಡವಾಗಿ ನೆಟ್ಟಣ್ಣನ ರೂಮಿಗೆ ಹೋಯಿತು. ಇಂಡಿಯ ನಿಂಬೆ, ರುಚಿಗೆ ಮಾತಿಲ್ಲ; ನೊಂದವನು ನಾನು, ನನಗೆ ಒಂದು ಹೋಳೂ ಬರಲಿಲ್ಲ. ಫಲಿತಾಂಶ? ಮುದ್ದೇಬಿಹಾಳದಲ್ಲಿ ಯಾರದೋ ಕಾಕಾ ಸೈಬರ್ ಕೆಫೆಗೆ ಹೋಗಿ, ಎಲ್ಲರ ನಂಬರು ಹಾಕಿ ನೋಡಿ, ಫೋನಿನಲ್ಲಿ ಓದಿ ಹೇಳಿದರು.

ಕೇಬಲ್ ಹಾಕಿದ್ದಕ್ಕೆ ಅವನು ರೊಕ್ಕ ಮುಟ್ಟಲಿಲ್ಲ. ಶೇಂಗಾ ಚಟ್ನಿ, ಕಟಕ ರೊಟ್ಟಿ ಮಾತ್ರ ನಡೆಯುತ್ತಿತ್ತು. ಏನು ಕೆಟ್ಟರೂ "ನಿನ್ನ ಮಷೀನಿನ್ಯಾಗ ವೈರಸ್ ಐತಿ" ಎನ್ನುತ್ತಿದ್ದ, ಮೌಸಿನ ತಂತಿ ಕಳಚಿದ್ದರೂ. ಇಷ್ಟಾಗಿ ಅವನ ಹತ್ತಿರ ಸ್ವಂತ ಕಂಪ್ಯೂಟರೇ ಇರಲಿಲ್ಲ. ಇದು ನಮಗೆ ತಿಳಿದದ್ದು ಕೊನೆಯ ವರ್ಷ. ಅಲ್ಲಿಯವರೆಗೆ ರಿಪೇರಿ ನೆಪದಲ್ಲಿ ನಮ್ಮ ಕುರ್ಚಿಗಳಲ್ಲಿ ಕೂತೇ ಪ್ರಾಜೆಕ್ಟ್ ಮುಗಿಸಿದ್ದ. ವೈರಸ್ ತೆಗೆಯಲು ತಾಸುಗಟ್ಟಲೆ ಏಕೆ ಬೇಕಾಗುತ್ತಿತ್ತು ಎಂಬುದು ಆಗ ಅರ್ಥವಾಯಿತು. ಮೊದಲೇ ಹೇಳಿದ್ದರೆ ಯಾರು ಬೇಡವೆನ್ನುತ್ತಿದ್ದೆವು? ಅಥವಾ ಅಂದುಬಿಡುತ್ತಿದ್ದೆವೋ ಏನೋ. ಈಗಿನ ಹುಡುಗರ ಜೇಬಲ್ಲೇ ಡೇಟಾ ಇದೆ. ಪಕ್ಕದ ರೂಮಿನವನ ತಾಲೂಕು ಯಾವುದೆಂದು ಕೇಳುವ ಪ್ರಸಂಗವೇ ಬರುವುದಿಲ್ಲ.

2018ರಲ್ಲಿ ಜಿಲ್ಲೆಯ ಹೊಸ ತಾಲೂಕುಗಳು ಜಾರಿಗೆ ಬಂದಾಗ ಅವನ ಫೋನು ಬಂತು. ಕುಶಲ ಗಿಶಲ ಏನೂ ಇಲ್ಲ. "ಕೇಳಿದ್ಯೇನಲೇ? ಇಂಡಿಯಿಂದ ಚಡಚಣ ಬ್ಯಾರೆ ಆತು. ನಿಮ್ಮ ಸಿಂದಗಿ ಒಡದು ದೇವರ ಹಿಪ್ಪರಗಿ. ಮುದ್ದೇಬಿಹಾಳದಾಗಿಂದ ತಾಳಿಕೋಟಿ ಹೋತು. ಬಾಗೇವಾಡಿಯಂತೂ ನಿಡಗುಂದಿ, ಕೊಲ್ಹಾರ ಅಂತ ಎರಡು ಕಡೆ ಒಡದೈತಿ. ಪುಣ್ಯಾಕ ನಾವು ಪಾಸಾಗಿ ಹೊರಗ ಬಂದೀವಿ. ಇದ್ದ 254ರಾಗ ನಾ ಎಷ್ಟಂತ ಹಂಚಲಿ?"