ಷಡ್ವಿಷಯ ಮೀಮಾಂಸೆ ಅಥವಾ ಹತ್ತನೆಯ ತರಗತಿಯ ತಲೆ

ಪೀಠಿಕೆ

ಷಡ್ದರ್ಶನಗಳನ್ನು ಕುರಿತು ಬೇಕಾದಷ್ಟು ಗ್ರಂಥಗಳಿವೆ. ವೇದದ ಷಡಂಗಗಳ ಮೇಲೂ ಇವೆ. ಆದರೆ ಕರ್ನಾಟಕದ ಹತ್ತನೆಯ ತರಗತಿಯ ವಿದ್ಯಾರ್ಥಿ ಬೆನ್ನ ಮೇಲೆ ಹೊತ್ತು ತಿರುಗುವ ಷಡ್ವಿಷಯಗಳನ್ನು (ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ) ಕುರಿತು ಶಾಸ್ತ್ರೋಕ್ತವಾದ ಒಂದು ಮೀಮಾಂಸೆ ಇಲ್ಲದಿರುವುದು ನಾಡಿಗೇ ಕೊರತೆ. ಇದನ್ನು ತುಂಬಿಕೊಡಿ ಎಂದು ಯಾರೂ ನಮ್ಮನ್ನು ಕೇಳಿಲ್ಲ. ಪಾಂಡಿತ್ಯ ಅಪ್ಪಣೆಗೆ ಕಾಯುವುದಿಲ್ಲವಾದ್ದರಿಂದ ಗ್ರಂಥಾರಂಭ ಮಾಡುತ್ತೇವೆ. ಪ್ರಾಮಾಣ್ಯ ಹೆಚ್ಚಲೆಂದು ಸೂತ್ರಗಳನ್ನು ಹಳಗನ್ನಡದಲ್ಲಿ ರಚಿಸಿದ್ದೇವೆ; ಅರ್ಥವಾಗದ ಮಾತಿಗೆ ಎದುರು ಮಾತಾಡುವವರು ಕಡಿಮೆ.

ಸೂತ್ರ 1: ಗಂಟೆವರೆಗಂ ಜ್ಞಾನಂ

ಭಾಷ್ಯ: ಜ್ಞಾನವು ಒಂದು ಗಂಟೆಯ ಸದ್ದಿಗೆ ಹುಟ್ಟಿ ಮುಂದಿನ ಗಂಟೆಯ ಸದ್ದಿಗೆ ಲಯವಾಗುತ್ತದೆ. ಪೂರ್ವಪಕ್ಷದವರು ಕೇಳಬಹುದು: 'ಕಲಿತದ್ದು ತಲೆಯಲ್ಲಿ ಉಳಿಯದೆ?' ಉಳಿಯುತ್ತದೆ, ಆದರೆ ಉಳಿದ ಕೋಣೆಯಿಂದ ಪಕ್ಕದ ಕೋಣೆಗೆ ಹೋಗುವುದಿಲ್ಲ.

ನಿದರ್ಶನ. ಕನ್ನಡದ ಪೀರಿಯಡ್. ಛಂದಸ್ಸು ನಡೆದಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯಲ್ಲಿ ಮೂರು-ನಾಲ್ಕರ ಗಣಗಳು ಬಂದು ಗಿಡ್ಡ ಸಾಲಿಗೆ 14 ಮಾತ್ರೆ; ಮೂರನೆಯ ಮತ್ತು ಆರನೆಯ ಉದ್ದ ಸಾಲಿಗೆ ಕೊನೆಯ ಗುರುವೂ ಸೇರಿ 23. ಶಿಷ್ಯ ಬೆರಳು ಮಡಚಿ ತಪ್ಪಿಲ್ಲದೆ ಎಣಿಸುತ್ತಾನೆ. ಈಗ ಮೂರು ಮಾತ್ರೆಯ ಗಣವನ್ನು ಲಘು-ಗುರುಗಳಿಂದ ಎಷ್ಟು ಬಗೆಯಲ್ಲಿ ಕಟ್ಟಬಹುದು? ಮೂರು. ನಾಲ್ಕು ಮಾತ್ರೆಯದನ್ನು? ಐದು. ಐದು ಮಾತ್ರೆಯದನ್ನು? ಎಂಟು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುತ್ತದೆ. 12ನೆಯ ಶತಮಾನದಲ್ಲಿ ಹೇಮಚಂದ್ರ ಈ ಲೆಕ್ಕವನ್ನು ಛಂದಸ್ಸಿಗಾಗಿಯೇ ಹೇಳಿಟ್ಟ. ಇಟಲಿಯ ಫಿಬೊನಾಚಿ ಮೊಲಗಳ ಸಂಸಾರ ಎಣಿಸುತ್ತ ಅದೇ ಸಂಖ್ಯೆಗಳಿಗೆ ಬಂದು ಮುಟ್ಟಿದ್ದು 1202ರಲ್ಲಿ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಗಣಿತದ ಮೇಷ್ಟ್ರು ಬಂದು 'ಶ್ರೇಢಿಗಳು' ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಐದು ನಿಮಿಷದ ಹಿಂದೆ ಎಣಿಸುತ್ತಿದ್ದ ಅದೇ ಬೆರಳು ಈಗ ಬಾಯಲ್ಲಿದೆ.

ಇನ್ನೊಂದು. 9ನೆಯ ಶತಮಾನದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಶ್ರೀವಿಜಯನ 'ಕವಿರಾಜಮಾರ್ಗ'ವೂ ಹುಟ್ಟಿತು, ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವೂ ಹುಟ್ಟಿತು. ಒಂದೇ ಆಸ್ಥಾನದ ಈ ಮೂವರನ್ನು ನಮ್ಮ ವೇಳಾಪಟ್ಟಿ ಬೇರೆಬೇರೆ ಮಾಡಿದೆ. ದೊರೆ ಸಮಾಜ ವಿಜ್ಞಾನಕ್ಕೆ, ಕೃತಿಕಾರ ಶ್ರೀವಿಜಯ ಕನ್ನಡಕ್ಕೆ. ಮಹಾವೀರಾಚಾರ್ಯ ಎಂದರೆ ಯಾರೆಂದು ಕೇಳಿದರೆ ಶಿಷ್ಯನಿಂದ ಬರುವ ಉತ್ತರ: 'ಇಪ್ಪತ್ನಾಲ್ಕನೆಯ ತೀರ್ಥಂಕರ.' ಅರ್ಧ ಅಂಕ ಕೊಡಬಹುದು.

ಸೂತ್ರ 2: ಉತ್ತರಕ್ಕಾಕಾರಮೆ ಪ್ರಾಣಂ

ಭಾಷ್ಯ: ಉತ್ತರದ ಒಳಗೇನಿದೆ ಎಂಬುದಕ್ಕಿಂತ ಅದು ಉತ್ತರದಂತೆ ಕಾಣುತ್ತದೆಯೇ ಎಂಬುದು ಮುಖ್ಯ. ಕನ್ನಡದಲ್ಲಿ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ಉಪಶೀರ್ಷಿಕೆ ಹಾಕಿ ಅಡಿಗೆರೆ ಎಳೆದರೆ ಅರ್ಧ ದಡ ಸೇರಿದಂತೆ. 'ಸ್ವಾರಸ್ಯ'ದ ಕೆಳಗೆ 'ಕವಿಯ ಮಾತು ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ' ಎಂದು ಬರೆಯುವುದು ಸರ್ವಸಮ್ಮತ; ಪಂಪನಿಂದ ಹಿಡಿದು ನಿನ್ನೆಯ ಕವಿಯವರೆಗೆ ಇದು ಯಾರಿಗೂ ಸುಳ್ಳಾಗುವುದಿಲ್ಲ.

ಸಮಾಜ ವಿಜ್ಞಾನದಲ್ಲಿ ಅರಸರೆಲ್ಲ ರಸ್ತೆಯ ಎರಡೂ ಬದಿ ಮರ ನೆಡಿಸಿದರು, ಕೆರೆ ಕಟ್ಟಿಸಿದರು, ಕವಿಗಳಿಗೆ ಆಶ್ರಯ ನೀಡಿದರು. ಹೆಸರು ಬದಲಿಸಿಕೊಂಡರೆ ಅಶೋಕನಿಂದ ಒಡೆಯರವರೆಗೆ ಸಾಗುತ್ತದೆ. ಇಂಗ್ಲಿಷಿನಲ್ಲಿ ಶಿಷ್ಯನಿಗೆ ಸದಾ ಜ್ವರ. ರಜೆಯ ಅರ್ಜಿಯ ಮಟ್ಟಿಗೆ ಅವನು ಬೇರೆ ಕಾಯಿಲೆ ಬೀಳುವುದಿಲ್ಲ; ಅವುಗಳ ಕಾಗುಣಿತ ಬಾರದು.

ಗಣಿತದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಪೈಥಾಗೊರಸನ ಪ್ರಮೇಯವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಬಲ್ಲ ಪ್ರತಿಭಾವಂತರನ್ನು ನಾವು ಬಲ್ಲೆವು. ತ್ರಿಭುಜಕ್ಕೆ ಎಬಿಸಿ ಬದಲು ಪಿಕ್ಯೂಆರ್ ಎಂದು ಹೆಸರಿಟ್ಟರೆ ಮಾತ್ರ ವಿಕರ್ಣದ ವರ್ಗ ಯಾವುದಕ್ಕೂ ಸಮನಾಗುವುದಿಲ್ಲ. ವಿಜ್ಞಾನದಲ್ಲಿ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಾರೆ. ಚಿತ್ರದ ಬಲಕ್ಕೆ ಎಡ ಹೃತ್ಕುಕ್ಷಿ ಏಕಿದೆ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಆ ಪ್ರಶ್ನೆಗೆ ಅಂಕವಿಲ್ಲ.

ಸೂತ್ರ 3: ಅಂಕಪಟ್ಟಿಯೊಳೈಕ್ಯಂ

ಭಾಷ್ಯ: ಹಾಗಾದರೆ ಆರು ವಿಷಯಗಳು ಎಲ್ಲಿಯೂ ಸೇರುವುದಿಲ್ಲವೆ? ಸೇರುತ್ತವೆ, ಅಂಕಪಟ್ಟಿಯ ತಳದಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಬಹುಕಾಲದಿಂದ ಪ್ರಥಮ ಭಾಷೆಗೆ 125, ಮಿಕ್ಕ ಐದಕ್ಕೆ ತಲಾ 100, ಒಟ್ಟು 625. ಭಾಮಿನಿ ಷಟ್ಪದಿಗೆ ಬಂದದ್ದನ್ನು ಹೃದಯದ ಚಿತ್ರಕ್ಕೆ ಕೂಡಿಸಿ, ಅದಕ್ಕೆ ಇಂಗ್ಲಿಷಿನ ಜ್ವರ ಸೇರಿಸಿ, ಶೇಕಡಾ ಕಟ್ಟುವ ಈ ಸಂಕಲನವೇ ನಮ್ಮ ಶಿಕ್ಷಣದ ಅದ್ವೈತ. ಒಟ್ಟು ಸಂಖ್ಯೆ 25ರ ವರ್ಗವೆಂಬುದನ್ನು ಗಮನಿಸಿದ ವಿದ್ಯಾರ್ಥಿಗೆ ಹೆಚ್ಚುವರಿ ಅಂಕ ಸಿಕ್ಕ ದಾಖಲೆ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಸೂತ್ರ 4: ಚೀಟಿಯೊಳ್ ಸಂಗಮಂ

ಭಾಷ್ಯ: ಇದು ಅಪವಾದ ಸೂತ್ರ. ಕಲಿತ ವಿದ್ಯೆಗಳೆಲ್ಲ ನಿಜವಾಗಿ ಕೂಡಿ ದುಡಿಯುವ ಒಂದೇ ಒಂದು ಕೃತಿ ಶಾಲೆಯಲ್ಲಿ ಹುಟ್ಟುತ್ತದೆ. ಅದು ಕಾಪಿ ಚೀಟಿ. ನಾಲ್ಕು ಪುಟದ ಪಾಠವನ್ನು ಒಂದೂವರೆ ಸಾಲಿಗಿಳಿಸುವ ಸಂಕ್ಷೇಪ ಭಾಷೆಯ ಕೆಲಸ. ವ್ಯಾಕರಣಕಾರ ಕೇಶಿರಾಜನ ಸೂತ್ರಗಳೂ ಇಷ್ಟು ಬಿಗಿಯಿಲ್ಲ. ಬಸ್ ಟಿಕೆಟ್ಟಿನ ಅಗಲದೊಳಗೆ ಎಷ್ಟು ಸಾಲು ಹಿಡಿಯುತ್ತದೆಂಬುದು ಕ್ಷೇತ್ರಗಣಿತ. ಯಾವ ಕೋನದಲ್ಲಿ ಹಿಡಿದರೆ ಬೆಳಕು ಬೀಳುತ್ತದೆಂಬುದು ಭೌತವಿಜ್ಞಾನ. ಕೊಠಡಿಯ ನಕಾಶೆ ಭೂಗೋಳ. ಮೇಲ್ವಿಚಾರಕರು ಯಾವ ಗಳಿಗೆಯಲ್ಲಿ ಕಿಟಕಿಯತ್ತ ತಿರುಗುತ್ತಾರೆಂಬುದು ಸಮಾಜ ವಿಜ್ಞಾನ. ಇನ್ನೂ ಸೋಜಿಗವೆಂದರೆ, ಶ್ರದ್ಧೆಯಿಂದ ಚೀಟಿ ಬರೆದವನಿಗೆ ಬರೆಯುವ ಹೊತ್ತಿಗೆ ಪಾಠ ಬಾಯಿಗೆ ಬಂದಿರುತ್ತದೆ, ಚೀಟಿ ಬೇಕಾಗುವುದೇ ಇಲ್ಲ. ವಿಷಯಗಳನ್ನು ಬೆಸೆದು ಕಲಿಸಿ ಎಂದು ತಜ್ಞರು ಹೇಳುವುದನ್ನು ಮಾಡಿ ತೋರಿಸಿದ ಈ ಏಕೈಕ ಯೋಜನೆ ಶಿಕ್ಷಾರ್ಹ ಅಪರಾಧವಾಗಿದೆ. ಆಗಲೇಬೇಕು ಕೂಡ.

ಉಪಸಂಹಾರ

ಸಿದ್ಧಾಂತವಿಷ್ಟು: ನಮ್ಮ ವಿದ್ಯಾರ್ಥಿ ಕಲಿಯುವುದು ಆರು ವಿಷಯಗಳನ್ನಲ್ಲ, ಒಂದೇ ವಿಷಯವನ್ನು. ಅದರ ಹೆಸರು ಪರೀಕ್ಷೆ. ತಪ್ಪು ತಲೆಯದಲ್ಲ, ಕೋಣೆ ಕಟ್ಟಿ ಬಾಗಿಲಿಡಲು ಮರೆತವರದು.

ಪರಿಹಾರವನ್ನೂ ಸೂಚಿಸುವುದು ಶಾಸ್ತ್ರಕಾರನ ಕರ್ತವ್ಯ. ಕನ್ನಡದ ಮೇಷ್ಟ್ರೂ ಗಣಿತದ ಮೇಷ್ಟ್ರೂ ವರ್ಷಕ್ಕೊಂದು ಪೀರಿಯಡ್ಡನ್ನು ಒಟ್ಟಿಗೆ ತೆಗೆದುಕೊಳ್ಳಲಿ. ಐದು ಮಾತ್ರೆಯ ಗಣಗಳು ಎಂಟೇ ಏಕೆ ಎಂದು ಇಬ್ಬರೂ ಬೋರ್ಡಿನ ಮುಂದೆ ನಿಂತು ಜಗಳವಾಡಲಿ, ಮಕ್ಕಳು ನೋಡಲಿ. ಒಂದೇ ಒಂದು ಕೋರಿಕೆ: ಈ ಘನಕಾರ್ಯಕ್ಕೆ ಆಟದ ಪೀರಿಯಡ್ಡನ್ನು ಕಿತ್ತುಕೊಳ್ಳಬೇಡಿ.