ಒರಿಜಿನಲ್ ಗೌಡರು

ಮೂಡಿಗೆರೆ, ಸಕಲೇಶಪುರದ ಕಡೆ ಹೋಬಳಿಗೊಬ್ಬರಂತೆ ಇವರು ಸಿಗುತ್ತಾರೆ. ವಯಸ್ಸು ಐವತ್ತೈದರ ಆಚೆ, ಕಾಫಿ ತೋಟ, ಮಧ್ಯೆ ಒಂದಷ್ಟು ಮೆಣಸು, ಮಕ್ಕಳು ಬೆಂಗಳೂರಿನಲ್ಲಿ. ಓಡಾಟಕ್ಕೆ ಏಸಿ ಇರುವ ಹೊಸ ಕಾರಿದೆ. ಅದರ ಬಗ್ಗೆ ಅವರಿಗೆ ಹೇಳಲು ಏನೂ ಇಲ್ಲ. ಅದರ ಪಕ್ಕದಲ್ಲಿ ಟಾರ್ಪಾಲು ಹೊದ್ದು ನಿಂತಿರುವುದರ ಬಗ್ಗೆ ಮಾತ್ರ ಕೇಳದಿದ್ದರೂ ಹೇಳುತ್ತಾರೆ. ನಮ್ಮ ಹೋಬಳಿಯವರಿಗೆ ಊರು ಇಟ್ಟ ಹೆಸರು ಒರಿಜಿನಲ್ ಗೌಡರು.

ಟಾರ್ಪಾಲಿನ ಕೆಳಗಿರುವುದು ತಂದೆಯ ಕಾಲದ ಎಫ್‌ಸಿ-150 ಜೀಪ್ ಪಿಕಪ್. ಮೂತಿಯೇ ಇಲ್ಲದ, ಹಣೆ ಅಗಲವಾದ ಗಾಡಿ. ಶೆಡ್ಡಿಗೆ ಬಂದವರಿಗೆ ಮೊದಲು ಕಾಫಿ, ಆಮೇಲೆ ಚರಿತ್ರೆ. ‘ಅಮೆರಿಕದಲ್ಲಿ 1957ರ ಮಾಡೆಲ್ ಅಂತ ಬಂತು. ಡಿಸೈನ್ ಮಾಡಿದವನು ಬ್ರೂಕ್ಸ್ ಸ್ಟೀವನ್ಸ್. ವೀಲ್‌ಬೇಸ್ ಬರೀ 81 ಇಂಚು, ಅದರ ಮೇಲೇ ಆರಡಿಗೂ ಮಿಕ್ಕಿದ ಬಾಡಿ ಕೂರಿಸಿದ್ದಾನೆ ನೋಡಿ! ಅವರು 1965ಕ್ಕೆ ನಿಲ್ಲಿಸಿಬಿಟ್ಟರು, ನಮ್ಮ ಮಹೀಂದ್ರದವರು ಬಿಡಲಿಲ್ಲ.’ ಇವೆಲ್ಲ ಕಂಠಪಾಠ. ತಮ್ಮದೇ ತೋಟದ ಎಕರೆವಾರು ಇಳುವರಿ ಕೇಳಿದರೆ ಮಾತ್ರ ರೈಟರನ್ನು ಕೂಗುತ್ತಾರೆ.

ಗೌಡರ ತಂದೆಗೆ ಚರಿತ್ರೆಯ ಗೊಡವೆ ಇರಲಿಲ್ಲ. ಗೊಬ್ಬರ, ಸೌದೆ, ಮೆಣಸು, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸು, ಎಲ್ಲವೂ ಅವರಿಗೆ ಲೋಡೇ. ಪೆಟ್ರೋಲ್ ಬೆಲೆ ಏರಿದಾಗ ಮಲೆನಾಡಿನ ಎಷ್ಟೋ ಜೀಪುಗಳಿಗೆ ಆದದ್ದೇ ಇದಕ್ಕೂ ಆಯಿತು: ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಏರಿಸಿದರು. ಇಳಿಸಿದ್ದನ್ನು ಗುಜರಿಗೆ ಹಾಕಿ ಬಂದ ದುಡ್ಡಿನಲ್ಲಿ ಹಸುವಿಗೆ ಹಿಂಡಿ ತಂದರು.

ಮಗ ಎರಡು ದಶಕ ಕಳೆದು ಆ ಇಂಜಿನ್ನಿನ ಜಾತಿಯದೇ ಇನ್ನೊಂದನ್ನು ಹುಡುಕಲು ಹೊರಟರು. ಹರಿಕೇನ್, 2.2 ಲೀಟರ್, ನಾಲ್ಕು ಸಿಲಿಂಡರ್. ಇನ್‌ಲೆಟ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು ಆದವು, ಶಿವಾಜಿನಗರದ ಗುಜರಿ ಆಯಿತು. ಮೊಮ್ಮಗನ ನಾಮಕರಣಕ್ಕೆ ರಾಜಧಾನಿಗೆ ಹೋದವರು ಶಾಸ್ತ್ರದ ಹೊತ್ತಿಗೆ ಕಾಣಲಿಲ್ಲ; ಊಟದ ಹೊತ್ತಿಗೆ ಬಿಳಿ ಪಂಚೆಗೆ ಗ್ರೀಸು ಹತ್ತಿಸಿಕೊಂಡು, ಕೈಯಲ್ಲೊಂದು ಕಾರ್ಬೊರೇಟರ್ ಹಿಡಿದು ಬಂದರು. ತಂದೆ ಕೆ.ಜಿ. ಲೆಕ್ಕದಲ್ಲಿ ಮಾರಿದ್ದನ್ನು ಮಗ ಗ್ರಾಂ ಲೆಕ್ಕದಲ್ಲಿ ಕೊಂಡು ತಂದ ಎಂದು ಊರು ನಕ್ಕಿತು. ಗೌಡರು ನಗಲಿಲ್ಲ. ‘ಒರಿಜಿನಲ್ ಮಾರಾಯ’ ಎಂದರು.

ಈ ಒಂದು ಮಾತು ಕೇಳಿ ಕೇಳಿ ರಿಪೇರಿಯ ಮೇಸ್ತ್ರಿಗೆ ಕಿವಿ ತೂತಾಗಿದೆ. ಗಾಡಿಯ ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. ಒಂದು ದಿನ ಆತ ಅರ್ಧ ಇಂಚಿನ ಬೋಲ್ಟಿಗೆ ಹದಿಮೂರರ ಸ್ಪ್ಯಾನರ್ ಹಾಕಿದ. ಕೂತಿತು, ಆದರೆ ಕೂದಲೆಳೆಯಷ್ಟು ಸಡಿಲ. ಗೌಡರು ಹಜಾರದಿಂದಲೇ ಸದ್ದು ಕೇಳಿ ಓಡಿ ಬಂದರು: ‘ಏ, ಮೂಲೆ ಸವೀತದೆ, ತೆಗಿಯೋ!’ ಸರಿಯಾದ ಸ್ಪ್ಯಾನರ್ ಚಿಕ್ಕಮಗಳೂರಿನಿಂದ ಬರುವವರೆಗೆ ಕೆಲಸ ನಿಂತಿತು. ಆ ಪುರುಸೊತ್ತಿನಲ್ಲಿ ಮೇಸ್ತ್ರಿ ಮಗಳ ಮದುವೆ ಮುಗಿಸಿಕೊಂಡ.

ಕೊನೆಗೆ ಗಾಡಿ ತಯಾರಾಯಿತು. ಆಯುಧಪೂಜೆಗೆ ಬಾಳೆಕಂದು ಕಟ್ಟಲು ಗೌಡರು ಬಿಡಲಿಲ್ಲ, ಹಗ್ಗ ಉಜ್ಜಿ ಪೇಂಟು ಹೋಗುತ್ತದಂತೆ. ಕುಂಕುಮವನ್ನೂ ಗಾಜಿಗೆ ಮಾತ್ರ ಹಚ್ಚಿಸಿದರು. ಪಕ್ಕದ ಮನೆ ಹುಡುಗ ರೀಲ್ಸ್‌ಗೆಂದು ಒರಗಿ ನಿಂತರೆ ‘ಬೆಲ್ಟಿನ ಬಕಲ್ಲು, ಬಕಲ್ಲು!’ ಎಂದು ಅಡ್ಡ ಬಂದರು. ಬಕೆಟ್ಟಿನ ನೊರೆ ನೋಡಿದ ಅವ್ವ ಜಗಲಿಯಿಂದಲೇ ಹೇಳಿದರು: ‘ನಿಮ್ಮಪ್ಪ ಇದರಲ್ಲಿ ಸಗಣಿ ಹೊತ್ತರು. ನೀನು ಶಾಂಪೂ ಹಾಕ್ತೀಯ. ನನಗೇ ಈ ಮನೇಲಿ ಇನ್ನೂ ಸೀಗೆಪುಡಿ.’

ಓಡಿಸುವುದೂ ಒಂದು ಪೂಜಾವಿಧಿಯೇ. ಚೋಕ್ ಎಳೆದು, ಪೆಡಲನ್ನು ಪಂಪು ಮಾಡಿ, ಸೆಲ್ಫ್ ಹೊಡೆದು, ಇಂಜಿನ್ ಕೆಮ್ಮಿದ ಕೂಡಲೇ ಚೋಕನ್ನು ಅರ್ಧ ಒಳಗೆ ತಳ್ಳಬೇಕು. ಪೂರ್ತಿ ತಳ್ಳಿದರೆ ಆಫ್, ತಳ್ಳದಿದ್ದರೆ ಪ್ಲಗ್ ಒದ್ದೆ. ಗೇರು ಮೂರೇ. ಚಲಿಸುವ ಗಾಡಿಯನ್ನು ಮೊದಲನೆಯದಕ್ಕೆ ಇಳಿಸಲು ಡಬಲ್ ಕ್ಲಚ್ ಬೇಕು. ತಪ್ಪಿದರೆ ಏಳುವ ಕರಕರ ಸದ್ದಿಗೆ ಗೌಡರ ಮುಖ ಹಲ್ಲುನೋವು ಬಂದವರಂತಾಗುತ್ತದೆ. ಇಂಜಿನ್ ಇರುವುದು ಕ್ಯಾಬಿನ್ನಿನೊಳಗೆ, ಎರಡು ಸೀಟುಗಳ ನಡುವಿನ ಡಬ್ಬದಡಿ. ಆಷಾಢದಲ್ಲಿ ಹಿತವೇ, ಮಾರ್ಚಿನಲ್ಲಿ ಅವರ ಎಡಗಾಲು ಬೇಯುತ್ತದೆ. ಭಾರವೆಲ್ಲ ಮುಂದಿರುವುದರಿಂದ ಖಾಲಿ ಬಾಡಿ ಹಳ್ಳ ದಿಣ್ಣೆಗೆ ಕುಣಿಯುತ್ತದೆ. ಕೊಟ್ಟಿಗೆಹಾರದವರೆಗೆ ಒಂದು ಸವಾರಿ, ಅಲ್ಲಿ ಗೌಡರಿಗೆ ನೀರುದೋಸೆ, ರೇಡಿಯೇಟರಿಗೆ ನೀರು. ಚಾರ್ಮಾಡಿ ಇಳಿಯುವ ಮಾತು ಬಂದರೆ ‘ಇಳಿಯೋದೇನೋ ಇಳೀತದೆ’ ಎಂದು ಅಷ್ಟಕ್ಕೇ ನಿಲ್ಲಿಸುತ್ತಾರೆ. ಯಾವ ದಿನ ಕೈಕೊಟ್ಟರೂ ಕಾರಣ ಸಿದ್ಧವಿದೆ: ‘ಈ ಎಥೆನಾಲ್ ಪೆಟ್ರೋಲ್ ಮಾರಾಯ, ಹಳೇ ರಬ್ಬರ್ ತಿಂದುಬಿಡ್ತದೆ.’ ಕೈಕೊಡದ ದಿನದ ಶ್ರೇಯಸ್ಸು ಎಥೆನಾಲಿಗೆ ಸಲ್ಲುವುದಿಲ್ಲ.

ಇಷ್ಟಾಗಿ ತೋಟದ ಕೆಲಸಕ್ಕೆ ಬರುವುದು ಬಾಡಿಗೆ ಪಿಕಪ್. ಗೊಬ್ಬರ ಬಂದರೂ ಬಾಡಿಗೆ, ಕಾಫಿ ಹೋದರೂ ಬಾಡಿಗೆ. ಮನೆಯಾಕೆ ‘ಅದೂ ಪಿಕಪ್ಪೇ ಅಲ್ವೇನ್ರಿ?’ ಎಂದಾಗಲೆಲ್ಲ ಗೌಡರು ಕಾನೂನು ತೆಗೆಯುತ್ತಾರೆ. ವಿಂಟೇಜ್ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿದೆ. 50 ವರ್ಷ ದಾಟಿದ ಗಾಡಿ, ಮೂಲ ರೂಪ ಕೆಡಬಾರದು, ನಿತ್ಯ ಓಡಿಸಬಾರದು, ವಾಣಿಜ್ಯಕ್ಕೆ ಬಳಸಲೇಬಾರದು. ‘ನಾಳೆ ಆ ರಿಜಿಸ್ಟ್ರೇಷನ್ನಿಗೆ ಹಾಕಬೇಕು. ಮೂಟೆ ಹೇರಿದರೆ ಯಾರು ಉತ್ತರ ಕೊಡೋದು?’ ನಿತ್ಯ ಓಡಿಸಬಾರದೆಂಬ ಷರತ್ತನ್ನಂತೂ ಗಾಡಿ ತಾನಾಗಿಯೇ ಪಾಲಿಸಿಕೊಂಡು ಬಂದಿದೆ.

ಕಳೆದ ಫೆಬ್ರವರಿಯಲ್ಲಿ ಕೆಳಗಿನ ಕಣದ ತುಂಬ ಚೆರಿ ಕಾಫಿ ಒಣಗುತ್ತಿತ್ತು. ಮಧ್ಯಾಹ್ನದ ಮೇಲೆ ಪಶ್ಚಿಮದಲ್ಲಿ ಮೋಡ ಕಪ್ಪಗಾಯಿತು. ಬಾಡಿಗೆಯವನಿಗೆ ಫೋನು ಮಾಡಿದರೆ ಅವನು ಹಾಸನದಲ್ಲಿ. ಆಳುಗಳು ರಾಶಿ ಒತ್ತರಿಸಿ ಮೂಟೆ ಕಟ್ಟುತ್ತಿದ್ದಂತೆ ಮನೆಯಾಕೆ ಟಾರ್ಪಾಲು ಎಳೆದರು.

‘ಏ, ವಾಣಿಜ್ಯ ಬಳಕೆ...’

‘ನಮ್ಮ ಕಣದಿಂದ ನಮ್ಮ ಗೋಡೌನಿಗೆ ಎಂತ ವಾಣಿಜ್ಯ? ಮಧ್ಯೆ ಸರ್ಕಾರದ ರಸ್ತೆ ಎಲ್ಲಿ ಬಂತು? ಕೀ ಕೊಡಿ, ಇಲ್ಲಾ ನೀವೇ ಹತ್ತಿ.’

ಗೌಡರು ಹತ್ತಿದರು. ಬಾಡಿಯೊಳಗೆ ಎರಡು ಕಂಬಳಿ ಹಾಸಿಸಿ, ಮೂಟೆಯನ್ನು ಎಸೆಯದೆ ಮಗು ಮಲಗಿಸಿದ ಹಾಗೆ ಇಡಲು ಹೇಳಿದರು. ಮೊದಲ ಹನಿ ಬಿದ್ದ ಮೇಲೆ ಅದನ್ನು ಯಾರೂ ಕೇಳಲಿಲ್ಲ, ಮೂಟೆಗಳು ಧೊಪ್ಪಧೊಪ್ಪನೆ ಬಿದ್ದವು. ಗಾಡಿ ಹಿಂದೆ ಕುಳಿತು ಮುಂದೆ ಎದ್ದಿತು. ಫೋರ್ ವೀಲ್ ಹಾಕಿ, ಲೋ ಗೇರಿನಲ್ಲಿ, ಕೆಸರಿನ ಏರನ್ನು ಗುರ್ ಎನ್ನುತ್ತ ಒಂದೇ ಸಮನೆ ಹತ್ತಿತು. ಕುಣಿಯಲಿಲ್ಲ, ಕೆಮ್ಮಲಿಲ್ಲ, ಎಥೆನಾಲಿನ ನೆನಪೂ ಆಗಲಿಲ್ಲ. ಗೋಡೌನಿನ ಮುಂದೆ ಇಳಿದ ಗೌಡರು ಪೇಂಟು ನೋಡುವುದನ್ನೂ ಮರೆತು ಎಲ್ಲರಿಗೂ ಹೇಳಿದರು: ‘ಲೋಡ್ ಇದ್ರೆ ಎಷ್ಟು ಸ್ಮೂತು ಮಾರಾಯ!’ ಅವ್ವ ಜಗಲಿಯಲ್ಲಿ ಎಲೆ ಅಡಿಕೆ ಜಗಿಯುತ್ತ, ‘ಇದನ್ನ ಹೇಳೋಕೆ ಇಷ್ಟು ದುಡ್ಡು ಬೇಕಾಯ್ತಾ?’ ಎಂದರು.

ಈಗ ಅವರು ವಾರಕ್ಕೊಮ್ಮೆಯಾದರೂ ಏನಾದರೂ ಹೇರುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಮೊನ್ನೆ ನೋಡಿದರೆ ಗೊಬ್ಬರಕ್ಕೆ ಮತ್ತೆ ಬಾಡಿಗೆ ಪಿಕಪ್ಪೇ ಬಂದಿತ್ತು. ವಿಚಾರಿಸಿದೆ. ಗೌಡರದೇನೂ ಅಡ್ಡಿಯಿಲ್ಲ, ಗಾಡಿಯೂ ರೆಡಿ. ಆದರೆ ಈಗಿನ ಪ್ಲಾಸ್ಟಿಕ್ ಚೀಲ ಆ ಗಾಡಿಗೆ ಒಪ್ಪುವುದಿಲ್ಲವಂತೆ. ಅಪ್ಪನ ಕಾಲದ, ಮೂರು ಗೆರೆಯ ಸೆಣಬಿನ ಚೀಲಕ್ಕಾಗಿ ಶಿವಾಜಿನಗರಕ್ಕೆ ಹೇಳಿದ್ದಾರೆ.