‘ಗಮನಕ್ಕೆ ಬಂದಿದೆಯೇ?’ ಶಾಸಕರು

ಹೈದರಾಬಾದಿನ ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ ಒಂದು ರಸ್ತೆ ಕಿತ್ತುಹೋಗಿದೆ ಎನ್ನಿ. ಅದು ಅಲ್ಲಿ ಓಡಾಡುವ ಲಾರಿ ಚಾಲಕನಿಗೆ ಗೊತ್ತು, ಶೇರ್ ಆಟೋದವನಿಗೆ ಗೊತ್ತು, ಎರಡನೇ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೋಗುವ ಕಾರ್ಮಿಕನ ಸೊಂಟಕ್ಕಂತೂ ಚೆನ್ನಾಗಿ ಗೊತ್ತು. ಇನ್ನು ಗೊತ್ತಾಗಬೇಕಾದದ್ದು ಸರ್ಕಾರಕ್ಕೆ ಮಾತ್ರ. ಅದಕ್ಕೆ ಗೊತ್ತುಮಾಡಲು ಸಂವಿಧಾನಬದ್ಧವಾದ ಒಂದು ದಾರಿ ಇದೆ. ಆ ದಾರಿಯಲ್ಲಿ ಸದಾ ಅಡ್ಡಾಡುವ ಮಹಾನುಭಾವರೊಬ್ಬರಿದ್ದಾರೆ. ಅವರೇ ‘ಗಮನಕ್ಕೆ ಬಂದಿದೆಯೇ’ ಶಾಸಕರು. ನಾಚಾರಂ ಸೇರಿರುವ ಉಪ್ಪಲ್ ಕ್ಷೇತ್ರದ ಹಾಲಿ, ಮಾಜಿ ಯಾರನ್ನೂ ಕುರಿತ ಮಾತಲ್ಲ ಇದು. ಈ ತಳಿ ತೆಲಂಗಾಣದ ಉದ್ದಗಲಕ್ಕೂ, ಬೀದರಿನಿಂದ ಚಾಮರಾಜನಗರದವರೆಗೂ, ಎಲ್ಲ ಪಕ್ಷಗಳಲ್ಲೂ ಹುಲುಸಾಗಿ ಸಿಗುತ್ತದೆ. ಗುರುತು ಹಿಡಿಯುವುದು ಸುಲಭ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎರಡೂ ಸಹಿಗೆ ಮಾತ್ರ. ಬರವಣಿಗೆಯೆಲ್ಲ ಆಪ್ತ ಸಹಾಯಕರ ಪಾಲು. ಯಾರು ಏನೇ ದೂರು ತರಲಿ, ಅವರ ಬಾಯಲ್ಲಿ ಬರುವುದು ಒಂದೇ ಮಾತು: ‘ಈ ಸೆಷನ್‌ನಲ್ಲೇ ಕ್ವೆಶ್ಚನ್ ಹಾಕಿಸ್ತೀನಿ.’ ನಲ್ಲಿಯಲ್ಲಿ ನೀರು ಬರಲಿಲ್ಲವೇ? ಕ್ವೆಶ್ಚನ್. ಪಿಂಚಣಿ ನಿಂತಿದೆಯೇ? ಕ್ವೆಶ್ಚನ್. ಮಗಳಿಗೆ ಗಂಡು ಸಿಕ್ಕಿಲ್ಲ ಎಂದು ಅಲವತ್ತುಕೊಂಡವರಿಗೂ ಅಭ್ಯಾಸಬಲದಿಂದ ಅದನ್ನೇ ಹೇಳಿಬಿಟ್ಟಾರು.

ಇವರ ಕೃತಿಯನ್ನು ಹತ್ತಿರದಿಂದ ನೋಡಬೇಕು. ಕನ್ನಡದವರಿಗೆ ಪರಿಚಿತವಾದ ಬೆಂಗಳೂರಿನ ವಿಧಾನಸಭೆಯ ಉತ್ತರದ ಹಾಳೆಯನ್ನೇ ತೆಗೆದುಕೊಳ್ಳಿ. ಮೇಲೆ ಚುಕ್ಕೆ ಗುರುತಿನ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಅಂಕಣ. ಎಡಗಡೆ ಅ: ಇಂಥ ರಸ್ತೆ ಹದಗೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಲಗಡೆ: ಬಂದಿದೆ. ಆ: ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಬಲಗಡೆ: ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು. ಇ: ಯಾವ ಕಾಲಮಿತಿಯಲ್ಲಿ? ಸಂಪೂರ್ಣ ವಿವರ ನೀಡುವುದು. ಬಲಗಡೆ: ವಿವರಗಳನ್ನು ಅನುಬಂಧದಲ್ಲಿ ನೀಡಲಾಗಿದೆ. ಅನುಬಂಧ ತಿರುವಿದರೆ ತಾಲ್ಲೂಕುವಾರು ಪಟ್ಟಿ ಇರುತ್ತದೆ, ಕಾಲಮಿತಿ ಇರುವುದಿಲ್ಲ. ‘ಅ’ಕ್ಕೆ ‘ಬಂದಿಲ್ಲ’ ಎಂದು ಬರೆದರೆ ಇಲಾಖೆಗೆ ಇನ್ನೂ ಹಗುರ: ಉಳಿದದ್ದಕ್ಕೆಲ್ಲ ‘ಉದ್ಭವಿಸುವುದಿಲ್ಲ’. ರಸ್ತೆಯಲ್ಲಿ ಗುಂಡಿ ಉದ್ಭವಿಸಿದರೂ ಹಾಳೆಯಲ್ಲಿ ಪ್ರಶ್ನೆ ಉದ್ಭವಿಸದೆ ಹೋಗುವುದು ಹೀಗೆ. ಹೈದರಾಬಾದಿನಲ್ಲಿ ಭಾಷೆ ಬೇರೆ, ಧಾಟಿ ಇದೇ. ಆಡಳಿತ ಪಕ್ಷದಲ್ಲೂ ಈ ತಳಿಯ ಒಂದು ಒಳಪಂಗಡವುಂಟು. ಅವರು ಪ್ರಶ್ನೆ ಕೇಳುವುದೇ ಉತ್ತರಕ್ಕೆ ಧನ್ಯವಾದ ಹೇಳುವುದಕ್ಕೆ. ‘ಮಾನ್ಯ ಸಚಿವರು ಕ್ರಾಂತಿಕಾರಿ ಹೆಜ್ಜೆ ಇಟ್ಟಿದ್ದಾರೆ, ಇದೇ ಹೆಜ್ಜೆಯನ್ನು ನನ್ನ ಕ್ಷೇತ್ರದಲ್ಲೂ ಇಡುವರೇ?’ ಎಂಬಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಬಿಟ್ಟರೆ ಪ್ರಶ್ನೆಯ ಲಕ್ಷಣ ಬೇರೇನೂ ಇಲ್ಲ.

ನಗುವುದಕ್ಕೆ ಇಷ್ಟು ಸಾಕು, ಎಲ್ಲರೂ ಇಲ್ಲಿಗೇ ನಕ್ಕು ಏಳುತ್ತಾರೆ. ಆದರೆ ಈ ಶಾಸಕರ ಪರವಾಗಿ ವಾದಿಸುವುದಕ್ಕೆ ಜಾಗವಿದೆ, ಅದರಲ್ಲೂ ನಾಚಾರಂನಂಥ ಕಡೆ. ಇಲ್ಲಿ ವಸತಿ ಪ್ರದೇಶದ ರಸ್ತೆ, ಚರಂಡಿ ಮಹಾನಗರ ಪಾಲಿಕೆಯದು. ನೀರು, ಒಳಚರಂಡಿ ಜಲಮಂಡಳಿಯದು. ಕಾರ್ಖಾನೆಗಳ ಪ್ರದೇಶ ರಾಜ್ಯದ ಕೈಗಾರಿಕಾ ಮೂಲಸೌಕರ್ಯ ನಿಗಮದ ಅಡಿಯಲ್ಲಿರುವ ಸ್ಥಳೀಯ ಪ್ರಾಧಿಕಾರದ್ದು; ಜನ ಅದನ್ನು ‘ಐಲಾ’ ಎನ್ನುತ್ತಾರೆ. ಕಾರ್ಖಾನೆಯ ಹೊಗೆ ಮಾಲಿನ್ಯ ನಿಯಂತ್ರಣ ಮಂಡಳಿಯದು. ಅದೇ ಹೊಗೆ ಕುಡಿದು ಕೆಮ್ಮಿದರೆ ಹೋಗಬೇಕಾದದ್ದು ನಾಚಾರಂ ಇಎಸ್‌ಐ ಆಸ್ಪತ್ರೆಗೆ, ಅಂದರೆ ಕಾರ್ಮಿಕ ಇಲಾಖೆಯ ಮನೆಗೆ. ಆಸ್ಪತ್ರೆ ನಡೆಸುವುದು ರಾಜ್ಯ. ಹಣದ ಬಹುಪಾಲು ದೆಹಲಿಯ ಇಎಸ್‌ಐ ನಿಗಮದ್ದು, ಏಳು ಪಾಲು ಅವರದು, ಒಂದು ಪಾಲು ಇವರದು. ಆ ಏಳು ಪಾಲೂ ಕೊನೆಗೆ ಯಾರದು ಎಂದರೆ, 2019ರ ಜುಲೈಯಿಂದ ಸಂಬಳದ ಶೇ 0.75ರಷ್ಟು ಕಟ್ಟುವ ಕಾರ್ಮಿಕನದು, ಶೇ 3.25ರಷ್ಟು ಕಟ್ಟುವ ಮಾಲೀಕನದು. ದುಡ್ಡು ಕೊಟ್ಟವನು ಔಷಧಿ ಏಕಿಲ್ಲ ಎಂದು ಕೇಳಲು ಹೊರಟರೆ ಯಾವ ಕಿಟಕಿಗೆ ಹೋಗಬೇಕು? ಒಂದೊಂದು ಕಿಟಕಿಯಲ್ಲೂ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಈ ಕಿಟಕಿಗಳೆಲ್ಲ ಒಂದೇ ಗೋಡೆಗೆ ಬಂದು ಸೇರುವ ಜಾಗ ರಾಜ್ಯದಲ್ಲಿ ಇರುವುದು ಒಂದೇ, ಅದು ವಿಧಾನಸಭೆ. ಅಲ್ಲಿ ಯಾರೋ ಒಬ್ಬ ಸಚಿವರು, ಕಡೇಪಕ್ಷ ‘ಇದು ನನ್ನದಲ್ಲ’ ಎಂದು ಹೇಳುವುದಕ್ಕಾದರೂ, ಎದ್ದು ನಿಲ್ಲಲೇಬೇಕು.

ನಾಚಾರಂಗೆ ಕೂಗಳತೆಯಲ್ಲಿರುವ ಉಪ್ಪಲ್‌ನಿಂದ ನಾರಪಳ್ಳಿಯವರೆಗಿನ ಮೇಲ್ಸೇತುವೆಯ ಕಥೆ ಇದಕ್ಕೆ ಒಳ್ಳೆಯ ಪುರಾವೆ. ಆರು ಕಿಲೋಮೀಟರಿಗೂ ಉದ್ದದ ಈ ಸೇತುವೆಗೆ 2018ರಲ್ಲಿ ಶಂಕುಸ್ಥಾಪನೆಯಾಯಿತು, 2020ಕ್ಕೆ ಮುಗಿಯಬೇಕಿತ್ತು, 2024 ಕಳೆದರೂ ಮುಗಿದಿರಲಿಲ್ಲ. ರಾಷ್ಟ್ರೀಯ ಹೆದ್ದಾರಿಯಾದ್ದರಿಂದ ಹಣ ಕೇಂದ್ರದ್ದು, ಭೂಸ್ವಾಧೀನದ ಹೊಣೆ ರಾಜ್ಯದ್ದು, ಕಾಮಗಾರಿ ಗುತ್ತಿಗೆದಾರನದು, ಧೂಳು ಮಾತ್ರ ಜನರದು. ಇಂಥಲ್ಲಿ ಶಾಸಕ ಕೇಳಿದರೆ ಕೇಂದ್ರದತ್ತ ಬೆರಳು, ಸಂಸದ ಕೇಳಿದರೆ ರಾಜ್ಯದತ್ತ ಬೆರಳು. ಹಾಗಿದ್ದರೂ ಎರಡೂ ಕಡೆ ಕೇಳಬೇಕು. ಎರಡು ಉತ್ತರದ ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗಲೇ ಯಾರ ಬೆರಳು ಸುಳ್ಳು ಎಂಬುದು ಬಯಲಾಗುವುದು. ಈ ಪ್ರದೇಶದ ಮತದಾರರಿಗೆ ಇನ್ನೊಂದು ಅಪರೂಪದ ಯೋಗವೂ ಕೂಡಿಬಂತು. 2019ರಿಂದ ಮಲ್ಕಾಜ್‌ಗಿರಿಯ ಸಂಸದರಾಗಿದ್ದ ರೇವಂತ್ ರೆಡ್ಡಿಯವರೇ 2023ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾದರು. ದೆಹಲಿಯಲ್ಲಿ ಕೇಳುವ ಸಾಲಿನಲ್ಲಿ ಕೂರುತ್ತಿದ್ದವರು ಹೈದರಾಬಾದಿನಲ್ಲಿ ಉತ್ತರಿಸುವ ಸಾಲಿಗೆ ಬಂದರು. ಪ್ರಶ್ನೆ ಕೇಳುವವರನ್ನು ಹಗುರವಾಗಿ ಕಾಣುವ ಅಧಿಕಾರಿಗಳು ಇದನ್ನೊಂದು ಗೋಡೆಯ ಮೇಲೆ ಬರೆಸಿಕೊಂಡರೆ ಒಳ್ಳೆಯದು.

ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಯಾಕೆ ಕೇಳಬೇಕು ಎಂಬುದು ಮೊದಲ ಆಕ್ಷೇಪ. ರಸ್ತೆ ಹಾಳಾಗಿದೆ ಎಂದು ಶಾಸಕರಿಗೆ ಗೊತ್ತು, ಸಚಿವರಿಗೂ ಗೊತ್ತು, ಮತ್ತೇಕೆ ಈ ನಾಟಕ? ಊರಿಗೆಲ್ಲ ಗೊತ್ತಿರುವುದು ಬೇರೆ, ಸರ್ಕಾರ ಸಹಿ ಹಾಕಿ ಒಪ್ಪಿಕೊಳ್ಳುವುದು ಬೇರೆ. ‘ಬಂದಿದೆ’ ಎಂಬ ಮೂರಕ್ಷರ ಹಾಳೆಯ ಮೇಲೆ ಬಿದ್ದ ಮೇಲೆ ನಾಳೆ ಅಪಘಾತವಾದಾಗ ‘ನಮಗೆ ತಿಳಿದಿರಲಿಲ್ಲ’ ಎನ್ನುವ ಬಾಗಿಲು ಮುಚ್ಚಿತು. 1957ರಲ್ಲಿ ಲೋಕಸಭೆಯಲ್ಲಿ ರಾಮ್ ಸುಭಗ್ ಸಿಂಗ್ ಕೇಳಿದ್ದೂ ಸರಳ ಪ್ರಶ್ನೆಯೇ: ಜೀವ ವಿಮಾ ನಿಗಮ ಇಂಥ ಉದ್ಯಮಿಯ ಕಂಪನಿಗಳಲ್ಲಿ ಹಣ ಹೂಡಿದೆಯೇ? ಬಂದ ಉತ್ತರ ಜಾರಿಕೆಯದು. ಬಿಡದೆ ಮತ್ತೆ ಕೇಳಿದರು, ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಅದನ್ನು ಹಿಡಿದು ಜಗ್ಗಿದರು. ಸುಮಾರು ಒಂದೂಕಾಲು ಕೋಟಿ ರೂಪಾಯಿಯ ಹೂಡಿಕೆ, ಅದರ ತನಿಖೆಗೆ ಛಾಗ್ಲಾ ಆಯೋಗ, 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಅವರ ರಾಜೀನಾಮೆ. ಕೇಳಿದ ಇಬ್ಬರೂ ಆಡಳಿತ ಪಕ್ಷದವರು, ಒಬ್ಬರಂತೂ ಪ್ರಧಾನಿಯ ಅಳಿಯ. ಧನ್ಯವಾದದ ಪಂಗಡದವರು ಈ ಪುಟವನ್ನು ಓದಿಲ್ಲವೆಂದು ಕಾಣುತ್ತದೆ.

ಮಾಹಿತಿ ಹಕ್ಕು ಬಂದ ಮೇಲೆ, ಹತ್ತು ರೂಪಾಯಿ ಕೊಟ್ಟರೆ ಮೂವತ್ತು ದಿನದಲ್ಲಿ ಉತ್ತರ ಸಿಗುವಾಗ, ಶಾಸಕರ ಪ್ರಶ್ನೆ ಯಾಕೆ ಎಂದು ಕೇಳುವವರಿದ್ದಾರೆ. ಆ ಕಾಯ್ದೆ ಕೊಡುವುದು ಕಡತದಲ್ಲಿ ಈಗಾಗಲೇ ಇರುವ ಮಾಹಿತಿಯನ್ನು. ಸಚಿವರನ್ನು ಎಬ್ಬಿಸಿ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಸದನದಲ್ಲಿ ಬೇಕೆಂದೇ ಸುಳ್ಳು ಹೇಳಿದರೆ ಹಕ್ಕುಚ್ಯುತಿ. ಆ ಭಯ ಅರ್ಜಿಗೆ ಬರುವ ಉತ್ತರಕ್ಕೆ ಇಲ್ಲ. 2005ರ ಕಾಯ್ದೆಯ ಮೂಲ ಪಾಠವೇ ಶಾಸಕರನ್ನು ಅಳತೆಗೋಲಾಗಿ ಇಟ್ಟುಕೊಂಡಿತ್ತು: ಸಂಸತ್ತಿಗೋ ವಿಧಾನಮಂಡಲಕ್ಕೋ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂದಿತ್ತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಸಾಲನ್ನು ಕಿತ್ತುಹಾಕಿತು. ಅಂದಮೇಲೆ ಶಾಸಕರ ಪ್ರಶ್ನೆಯ ಬೆಲೆ ಏರಿದೆಯೇ ಹೊರತು ಇಳಿದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇಎಸ್‌ಐ ಕಡೆಯಿಂದಲೇ ಬರುತ್ತದೆ. ತೆಲಂಗಾಣದ ಇಎಸ್‌ಐ ಔಷಧಿ ಖರೀದಿಯ ಹಗರಣವನ್ನು ಹೊರಗೆಳೆದದ್ದು ವಿಜಿಲೆನ್ಸ್ ವರದಿ. 2019ರ ಸೆಪ್ಟೆಂಬರಿನಲ್ಲಿ ಬಂಧನ ಮಾಡಿದ್ದು ಭ್ರಷ್ಟಾಚಾರ ನಿಗ್ರಹ ದಳ. ಹಾಗಾದರೆ ಪ್ರಶ್ನೆ ಕೇಳುವವರು ಎಲ್ಲಿದ್ದರು? ಮಾತು ಸರಿ, ಒಪ್ಪಬೇಕು. ಆದರೆ ಪೊಲೀಸರು ಬರುವುದು ದುಡ್ಡು ಹೋದ ಮೇಲೆ. ಪ್ರತಿ ಅಧಿವೇಶನದಲ್ಲೂ ‘ಈ ವರ್ಷ ಯಾವ ಔಷಧಿ, ಯಾವ ದರಕ್ಕೆ, ಯಾರಿಂದ’ ಎಂಬ ಮೂರು ಮಾತು ಕೇಳುವವರಿದ್ದರೆ ಖರೀದಿಯವರ ಕೈ ಸ್ವಲ್ಪವಾದರೂ ತಡೆಯುತ್ತದೆ. ಪ್ರಶ್ನೆಗಳೇ ಮಾರಾಟಕ್ಕಿವೆಯಲ್ಲ ಎನ್ನುವವರೂ ಉಂಟು. ಹೌದು, 2005ರ ಡಿಸೆಂಬರಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದದ್ದಕ್ಕೆ ಹನ್ನೊಂದು ಮಂದಿ ಸಂಸದರು ಸದಸ್ಯತ್ವ ಕಳೆದುಕೊಂಡರು. ಬೆಲೆಯಿಲ್ಲದ ಸರಕಿಗೆ ಯಾರೂ ದುಡ್ಡು ಕೊಡುವುದಿಲ್ಲ. ಪ್ರಶ್ನೆಗೆ ಎಷ್ಟು ಬಲವಿದೆ ಎಂಬುದು ಮತದಾರರಿಗಿಂತ ಮೊದಲು ವ್ಯಾಪಾರಿಗಳಿಗೆ ತಿಳಿದಿದೆ, ಅಷ್ಟೇ.

ಹಾಗಾದರೆ ನಮ್ಮ ಶಾಸಕರಲ್ಲಿ ನಗಬೇಕಾದದ್ದು ಯಾವುದು? ಅವರು ಕೇಳುವುದಲ್ಲ, ಎರಡನೇ ಸಲ ಕೇಳದೆ ಕೂರುವುದು. ಉತ್ತರದ ಹಾಳೆ ಕೈಗೆ ಬಂದ ಕೂಡಲೇ ಅವರ ಮುಖದಲ್ಲಿ ಸಂತೃಪ್ತಿ. ಉಪಪ್ರಶ್ನೆಗೆ ಸಭಾಧ್ಯಕ್ಷರು ಹೆಸರು ಹಿಡಿದು ಕರೆದರೆ ಎದ್ದು, ಆಪ್ತ ಸಹಾಯಕರು ಬರೆದುಕೊಟ್ಟ ಮೊದಲ ಪ್ರಶ್ನೆಯನ್ನೇ ಇನ್ನಷ್ಟು ದೊಡ್ಡ ದನಿಯಲ್ಲಿ ಓದುತ್ತಾರೆ. ದೊಡ್ಡ ದನಿ ಯಾಕೆಂದರೆ ಅದು ವಿಡಿಯೊಗೆ ಬೇಕು. ಸಂಜೆಯೊಳಗೆ ಅದು ಕಾಲನಿ ವೆಲ್ಫೇರ್ ಅಸೋಸಿಯೇಷನ್ನಿನ ಗ್ರೂಪಿನಲ್ಲಿ ‘ಅಸೆಂಬ್ಲಿಯಲ್ಲಿ ಘರ್ಜಿಸಿದ ನಮ್ಮ ಅಣ್ಣ’ ಎಂಬ ತಲೆಬರಹದೊಂದಿಗೆ ಓಡಾಡುತ್ತದೆ. ಸಚಿವರ ಉತ್ತರ ಆ ವಿಡಿಯೊದಲ್ಲಿ ಇರುವುದಿಲ್ಲ. ಬಾವಿಗೆ ಕೊಡ ಇಳಿಸಿ ಹಗ್ಗ ಬಿಟ್ಟು ಬಂದಂತಾಯಿತು. ಈ ಉಪಪ್ರಶ್ನೆಯ ಹಕ್ಕು ಪುಕ್ಕಟೆ ಸಿಕ್ಕಿದ್ದಲ್ಲ. ಬ್ರಿಟಿಷರು 1892ರ ಕಾಯ್ದೆಯಲ್ಲಿ ಪ್ರಶ್ನೆ ಕೇಳಲು ಬಿಟ್ಟರು, ಉತ್ತರದ ಮೇಲೆ ಮರುಪ್ರಶ್ನೆ ಕೇಳಲು ಬಿಡಲಿಲ್ಲ. ಅದಕ್ಕಾಗಿ 1909ರವರೆಗೆ ಕಾಯಬೇಕಾಯಿತು. ಮೊದಲ ಪ್ರಶ್ನೆಗೆ ಹೆದರದ ಸರ್ಕಾರ ಎರಡನೆಯದಕ್ಕೆ ಹೆದರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1952ರಿಂದ 1956ರವರೆಗೆ ಬೀದರ್, ಗುಲ್ಬರ್ಗ, ರಾಯಚೂರಿನ ಶಾಸಕರು ಬಂದು ಕೂರುತ್ತಿದ್ದದ್ದೂ ಬೆಂಗಳೂರಿನಲ್ಲಲ್ಲ, ಇದೇ ಹೈದರಾಬಾದಿನ ಪಬ್ಲಿಕ್ ಗಾರ್ಡನ್‌ನ ಬಿಳಿಯ ಟೌನ್‌ಹಾಲ್‌ನಲ್ಲಿ. ಆಗಿನ ಹೈದರಾಬಾದ್ ರಾಜ್ಯದ ಬೂರ್ಗುಲ ರಾಮಕೃಷ್ಣರಾಯರ ಸರ್ಕಾರವನ್ನು ಕನ್ನಡ ಜಿಲ್ಲೆಗಳ ಪರವಾಗಿ ಕೇಳುವ ಹಕ್ಕು ಅವರಿಗಿತ್ತು. ಆ ಹಕ್ಕಿನ ವಾರಸುದಾರರು ಇಂದು ಬಜೆಟ್ ಬೇಡಿಕೆಗಳ ಚರ್ಚೆಯಲ್ಲಿ ಸಾವಿರಾರು ಕೋಟಿಯ ಅನುದಾನದಿಂದ 100 ರೂಪಾಯಿ ಕಡಿತ ಮಾಡಬೇಕೆಂದು ಸೂಚನೆ ಕೊಟ್ಟು, ಅದರ ಮೇಲೆ ಮಾತಾಡುವ ಸರದಿ ಬಂದಾಗ ಕ್ಯಾಂಟೀನಿನಲ್ಲಿರುತ್ತಾರೆ. ನೂರು ರೂಪಾಯಿ ಸಾಂಕೇತಿಕ ಎಂಬುದು ಸರಿ. ಹಾಜರಿಯೂ ಸಾಂಕೇತಿಕವಾಗಬೇಕೆಂದು ನಿಯಮವಿಲ್ಲ.

ಅವರಿಗೆ ಮರೆವು ಜಾಸ್ತಿ ಎಂಬುದು ಇನ್ನೊಂದು ಲಕ್ಷಣ, ಇಲಾಖೆಗಳು ಬದುಕಿರುವುದೇ ಈ ಮರೆವಿನ ಮೇಲೆ. ಹೋದ ವರ್ಷ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಉತ್ತರ ಪಡೆದ ರಸ್ತೆಗೆ ಈ ವರ್ಷ ಹೊಸದಾಗಿ ‘ಗಮನಕ್ಕೆ ಬಂದಿದೆಯೇ’ ಎಂದು ಕೇಳುತ್ತಾರೆ. ಗುಮಾಸ್ತ ಹಳೆಯ ಕಡತ ತೆಗೆದು ದಿನಾಂಕ ತಿದ್ದಿ ಕಳಿಸುತ್ತಾನೆ. ‘ಮಾಡಲಾಗುವುದು’ ಎಂದು ಸಚಿವರು ಸದನದಲ್ಲಿ ಹೇಳಿದ್ದನ್ನು ಬೆನ್ನುಹತ್ತುವುದಕ್ಕೆಂದೇ ಲೋಕಸಭೆ 1953ರಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಮಾಡಿತು, ಕರ್ನಾಟಕದಲ್ಲೂ ಅಂಥ ಸಮಿತಿ ಇದೆ. ಆದರೆ ಸಮಿತಿಯ ಬಾಗಿಲು ತಟ್ಟುವವನಿಗೆ ಹಳೆಯ ಉತ್ತರ ನೆನಪಿರಬೇಕು. ಅಧಿಕಾರಿಗಳ ಸಮಯ ಹಾಳು ಎಂಬ ಗೊಣಗಾಟ ನಿಜವಾಗುವುದು ಇಲ್ಲಿ ಮಾತ್ರ: ಹೊಸ ಪ್ರಶ್ನೆಯಿಂದ ಸಮಯ ಹಾಳಾಗುವುದಿಲ್ಲ, ಹಳೆಯ ಉತ್ತರ ಮರೆತವನ ಹೊಸ ಪ್ರಶ್ನೆಯಿಂದ ಹಾಳಾಗುತ್ತದೆ.

ಆದ್ದರಿಂದ ನಾಚಾರಂನಲ್ಲಿರುವ ಕನ್ನಡಿಗರಲ್ಲೂ, ಬೇರೆಲ್ಲೇ ಇರುವ ಓದುಗರಲ್ಲೂ ಒಂದು ವಿನಂತಿ. ನಿಮ್ಮ ಶಾಸಕರು ನಿಮ್ಮ ಬಡಾವಣೆಯ ಬಗ್ಗೆ ಪ್ರಶ್ನೆ ಕೇಳಿದ್ದರೆ ಹಾರ ಹಾಕುವ ಮೊದಲು ಉತ್ತರದ ಪ್ರತಿ ಕೇಳಿ. ಅದು ಗುಟ್ಟಿನ ಕಾಗದವಲ್ಲ, ಸದನದ ದಾಖಲೆ. ಅದರಲ್ಲಿ ‘ಆಗುವುದು’ ಎಂದಿರುವ ಕಡೆ ಕೆಂಪು ಗೆರೆ ಎಳೆದು, ಮುಂದಿನ ಅಧಿವೇಶನದ ನೋಟಿಸು ಕೊಡುವ ಹೊತ್ತಿಗೆ ಅವರ ಆಪ್ತ ಸಹಾಯಕರ ಕೈಗೆ ಕೊಡಿ. ಉಪಪ್ರಶ್ನೆಯನ್ನು ನೀವೇ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಓದುವುದಕ್ಕೆ ಅವರದೇನೂ ಅಭ್ಯಂತರ ಇರುವುದಿಲ್ಲ.